ಮೊದಲ ಪಂಕ್ತಿಯೋ, ಎರಡನೇ ಪಂಕ್ತಿಯೋ

ಹೋದ ವಾರ ದಾವಣಗೆರೆಯ ಮನೆಯಲ್ಲಿ ಸಂಜೆ ಎಲ್ಲರೂ ಮಂಡಕ್ಕಿ ಮುಂದೆ ಕೂತಿದ್ದೆವು. ತಂಗಿ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, "ಅಣ್ಣಾ, ಊಟದ ಟೈಮ್ ಕೇಳ್ತಾ ಇದೆ. ಐದೂವರೆ ಹಾಕ್ಲಾ, ಎಂಟೂಕಾಲು ಹಾಕ್ಲಾ?" ಅಂದಳು. ಮಕ್ಕಳ ದಸರಾ ರಜೆಗೆ ಸಿಂಗಪುರದಿಂದ ನಾಲ್ಕು ರಾತ್ರಿಯ ಹಡಗಿನ ಪ್ರವಾಸ. ತಂಗಿ, ಅವಳ ಗಂಡ, ಇಬ್ಬರು ಮಕ್ಕಳು, ಜೊತೆಗೆ ಅಪ್ಪಾಜಿ ಮತ್ತು ಅವ್ವ. ಬುಕಿಂಗ್ ಮಾಡಿಸಿಕೊಟ್ಟವರು ಫೋನಿನಲ್ಲಿ "ಮಕ್ಕಳು, ವಯಸ್ಸಾದವರು ಇದ್ದಾರೆ ಅಂದ್ರೆ ಯೋಚ್ನೇನೇ ಮಾಡ್ಬೇಡಿ, ಐದೂವರೆ ಹಾಕಿ" ಅಂದಿದ್ದರಂತೆ. ನಾನು ಬೇಡ ಅಂದೆ.

ಎರಡು ವರ್ಷದ ಹಿಂದೆ ಇದೇ ಅಪ್ಪಾಜಿ, ಅವ್ವನ ಜೊತೆ ಅಮೆರಿಕದಲ್ಲಿ ಹಡಗು ಹತ್ತಿದಾಗ ಓಡಾಡಿ ಐದೂವರೆಗೆ ಬದಲಾಯಿಸಿಕೊಂಡವನು ನಾನು. ಈಗ ಬೇಡ ಅನ್ನುತ್ತಿರುವವನೂ ನಾನೇ. ಎರಡೂ ಸಲ ನನ್ನ ಮಾತು ಸರಿ ಅಂತಲೇ ನನ್ನ ನಂಬಿಕೆ. ನಮ್ಮ ಕಡೆಯಿಂದ ಇಂಥ ಪ್ರವಾಸಕ್ಕೆ ಹೊರಡುವವರು ಈಗ ಜಾಸ್ತಿಯಾಗಿದ್ದಾರೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ವ್ಯವಸ್ಥೆ ಹೇಳಿಬಿಡುತ್ತೇನೆ. ದೊಡ್ಡ ಹಡಗಿನಲ್ಲಿ ಎರಡು ಮೂರು ಸಾವಿರ ಜನ ಇರುತ್ತಾರೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಅಷ್ಟೂ ಜನ ಊಟದ ಹಾಲ್‌ನಲ್ಲಿ ಒಟ್ಟಿಗೆ ಹಿಡಿಯುವುದಿಲ್ಲ. ಅದಕ್ಕೆ ಎರಡು ಪಂಕ್ತಿ. ಮೊದಲನೆಯದು ಸಂಜೆ ಐದೂವರೆ, ಆರರ ಸುಮಾರಿಗೆ. ಎರಡನೆಯದು ಎಂಟು, ಎಂಟೂವರೆ ಸುಮಾರಿಗೆ. ನಮ್ಮ ಕಲ್ಯಾಣ ಮಂಟಪದ ಲೆಕ್ಕವೇ ಇದು, ಆದರೆ ಊಟ ಮಾಡುವವರ ಕುರ್ಚಿ ಹಿಂದೆ ಯಾರೂ ಬಂದು ನಿಂತು ಕಾಯುವುದಿಲ್ಲ, ಎರಡನೇ ಪಂಕ್ತಿಗೆ ಹೋಳಿಗೆ ಮುಗಿದುಹೋಗಿರುವುದಿಲ್ಲ. ಎರಡಕ್ಕೂ ಒಂದೇ ಊಟ. ಒಂದು ಸಲ ಆರಿಸಿಕೊಂಡರೆ ಪ್ರತಿ ರಾತ್ರಿ ಅದೇ ಹೊತ್ತು, ಅದೇ ಟೇಬಲ್, ಬಡಿಸುವವರೂ ಅವರೇ. ಯಾವಾಗ ಬೇಕಾದರೂ ಬನ್ನಿ ಅನ್ನುವ ಮೂರನೇ ದಾರಿಯೂ ಈಗ ಬಹಳ ಹಡಗುಗಳಲ್ಲಿ ಇದೆ. ಆರು ಜನರ ಮನೆಗೆ ನಾನು ಅದನ್ನು ಹೇಳುವುದಿಲ್ಲ. ಆರು ಕುರ್ಚಿ ಒಟ್ಟಿಗೆ ಖಾಲಿ ಆಗುವವರೆಗೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ದಿನಾ ಹೊಸ ಮುಖ, ದಿನಾ ಮೊದಲಿಂದ "ಮೊಟ್ಟೆ ಇಲ್ಲ, ಮೀನಿನ ಸಾಸ್ ಇಲ್ಲ" ಅಂತ ಶುರು ಮಾಡಬೇಕು. ಸಸ್ಯಾಹಾರಿಗಳಿಗೆ ಇದು ಸಣ್ಣ ವಿಷಯ ಅಲ್ಲ. ಸಿಂಗಪುರದ ಕಡೆಯ ಅಡುಗೆಯಲ್ಲಿ ಬರೀ ತರಕಾರಿ ಕಾಣುವ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರಬಹುದು. ದಿನಾ ಒಬ್ಬರೇ ಬಡಿಸಿದರೆ ಮೊದಲ ರಾತ್ರಿ ಒಂದು ಸಲ ಹೇಳಿದರೆ ಸಾಕು. ಎರಡನೇ ರಾತ್ರಿಯಿಂದ ಅವರೇ ಅವ್ವನ ತಟ್ಟೆ ಕಾಯುತ್ತಾರೆ.

ಈಗ ನಮ್ಮ ಕಥೆ. ನಾನಿರುವುದು ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ. ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರದ ಗ್ಯಾಲ್ವೆಸ್ಟನ್ ಬಂದರಿನಿಂದ ಹಡಗು ಹೊರಡುತ್ತದೆ. ಏಳು ರಾತ್ರಿ. ಅಪ್ಪಾಜಿ ಜೀವಮಾನ ಪೂರ್ತಿ ರಾತ್ರಿ ಒಂಬತ್ತರ ಮೇಲೆ ಊಟ ಮಾಡಿದವರು. ಅವರಿಗೆ ಅನುಕೂಲ ಆಗಲಿ ಅಂತ ಎರಡನೇ ಪಂಕ್ತಿ ಹಾಕಿದೆವು. ನನ್ನ ಮಗನಿಗೆ ಆಗ ಐದು ವರ್ಷ. ಅಲ್ಲಿ ಹುಟ್ಟಿ ಬೆಳೆದ ಮಗು, ಆರಕ್ಕೆ ಊಟ, ಎಂಟಕ್ಕೆ ನಿದ್ದೆ. ಮೊದಲ ರಾತ್ರಿ ಸೂಪ್ ಬರುವ ಹೊತ್ತಿಗೆ ಅವನ ತಲೆ ಬ್ರೆಡ್ಡಿನ ತಟ್ಟೆ ಪಕ್ಕಕ್ಕೆ ವಾಲಿತ್ತು. ಕೈಯಲ್ಲಿ ಚಮಚ ಹಾಗೇ ಇತ್ತು, ಬೆರಳು ಬಿಡಿಸಿ ತೆಗೆದೆ. ಅವನನ್ನು ಹೆಗಲ ಮೇಲೆ ಹಾಕಿಕೊಂಡು ರೂಮಿಗೆ ಹೋದೆ, ಕಾಯುತ್ತಾ ಅಲ್ಲೇ ಕೂತೆ. ಎರಡನೇ ರಾತ್ರಿ ಹೆಂಡತಿ ಹೋದಳು. ಮೂರನೇ ರಾತ್ರಿ ಅವ್ವ, "ನೀವು ಉಣ್ರಿ, ನಾ ಹೋಗ್ತೀನಿ" ಅಂತ ಎದ್ದಳು.

ಅಲ್ಲಿಗೆ ನನಗೆ ಸಾಕಾಯಿತು. ಮನೆಯಲ್ಲೂ ಕೊನೆಗೆ ಉಣ್ಣುವವಳು ಅವಳು, ಮದುವೆ ಮನೆಯಲ್ಲೂ ಕೊನೇ ಪಂಕ್ತಿ ಅವಳದು. ಅಷ್ಟು ದೂರ ಕರೆದುಕೊಂಡು ಬಂದು, ಸಮುದ್ರದ ಮಧ್ಯದಲ್ಲೂ ಅವಳೇ ಊಟ ಬಿಟ್ಟು ಏಳಬೇಕಾ? ಮರುದಿನ ಬೆಳಿಗ್ಗೆಯೇ ಊಟದ ಹಾಲ್‌ನ ಮುಖ್ಯಸ್ಥರನ್ನು ಹುಡುಕಿಕೊಂಡು ಹೋದೆ. ಮೊದಲ ಪಂಕ್ತಿಯ ಒಂದು ಕುಟುಂಬ ಎರಡನೆಯದಕ್ಕೆ ಹೋಗಿದ್ದರಿಂದ ನಮಗೆ ಜಾಗ ಸಿಕ್ಕಿತು. ಹೀಗೆ ಸಿಗುತ್ತೆ ಅಂತ ನಂಬಿಕೊಂಡು ಕೂರಬೇಡಿ. ಅಮೆರಿಕದಲ್ಲಿ ಶಾಲೆ ರಜೆ ಸಮಯದಲ್ಲಿ ಮೊದಲ ಪಂಕ್ತಿ ಬೇಗ ತುಂಬುತ್ತದೆ. ಬದಲಾಯಿಸುವುದಿದ್ದರೆ ಹಡಗು ಹತ್ತಿದ ಮಧ್ಯಾಹ್ನವೇ ಹೋಗಿ ಕೇಳಿ.

ಐದೂವರೆಗೆ ಬದಲಾದ ಮೇಲೆ ಅಪ್ಪಾಜಿಗೆ ಕಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಜುಲೈ ತಿಂಗಳು, ಅಲ್ಲಿ ಹೊತ್ತು ಮುಳುಗುವಾಗ ಎಂಟು ದಾಟಿರುತ್ತದೆ. "ನೆತ್ತಿ ಮೇಲೆ ಬಿಸಿಲಿದೆ, ಇದನ್ನ ರಾತ್ರಿ ಊಟ ಅಂತಾರಾ?" ಅಂದರು. ಅರ್ಧ ತಟ್ಟೆ ಬಿಟ್ಟರು. ಒಂಬತ್ತಕ್ಕೆ ನಾನೂ ಅವರೂ ಮೇಲಿನ ಬಫೆಗೆ ಹೋಗಿ ಹಣ್ಣು, ಒಂದು ತುಂಡು ಪಿಜ್ಜಾ ತಿಂದು ಬರುತ್ತಿದ್ದೆವು. ಅಷ್ಟರಿಂದ ಅವರ ಹಸಿವು ನಿಂತಿತು. ನಿದ್ದೆ ಬಂದ ಐದು ವರ್ಷದ ಮಗುವನ್ನು ಮಾತ್ರ ಯಾವ ಬಫೆಗೂ ಕರೆದುಕೊಂಡು ಹೋಗಲು ಆಗುವುದಿಲ್ಲ. ಅವ್ವ ಆ ನಾಲ್ಕು ರಾತ್ರಿ ಸೂಪಿನಿಂದ ಐಸ್‌ಕ್ರೀಮಿನವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಮೊದಲ ದಿನ ಎರಡು ಸಲ ಏಳಲು ಹೋದಳು, ಬಡಿಸುವ ಹುಡುಗ ಬೇಡಮ್ಮಾ ಅನ್ನುವ ಹಾಗೆ ಕೈ ತೋರಿಸಿದ. ಗೋವಾದ ಹುಡುಗ. ಇಂಥದ್ದು ಬೇಕು ಅಂತ ಹಿಂದಿನ ರಾತ್ರಿಯೇ ಹೇಳಿದರೆ ಮರುದಿನ ಬೇಳೆ, ಅನ್ನ, ಒಂದು ಪಲ್ಯ ಮಾಡಿಸಿ ತರುತ್ತಿದ್ದ.

ಹಾಗಾದರೆ ತಂಗಿಗೆ ಯಾಕೆ ಐದೂವರೆ ಬೇಡ ಅಂದೆ?

"ಮಕ್ಕಳಿದ್ದರೆ ಮೊದಲ ಪಂಕ್ತಿ" ಅನ್ನುವ ಸಲಹೆ ಅಮೆರಿಕದವರ ಮನೆಯಿಂದ ಬಂದದ್ದು. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಸ್ಯಾಂಡ್‌ವಿಚ್ ತಿನ್ನುತ್ತಾರೆ, ಐದಕ್ಕೆ ಆಫೀಸ್ ಮುಗಿಯುತ್ತದೆ, ಆರಕ್ಕೆ ಹೊಟ್ಟೆ ತುಂಬ ಊಟ. ಮಕ್ಕಳು ಎಂಟು, ಎಂಟೂವರೆಗೆ ಹಾಸಿಗೆಯಲ್ಲಿ. ಅವರ ದಿನಕ್ಕೆ ಅದು ಸರಿಯಾಗಿದೆ, ಅಲ್ಲಿ ಹದಿನೆಂಟು ವರ್ಷ ಇದ್ದು ನಾನೂ ಹಾಗೇ ಆಗಿದ್ದೇನೆ. ಅದೇ ಸ್ಪೇನಿನವರನ್ನು ಕೇಳಿದರೆ ರಾತ್ರಿ ಒಂಬತ್ತಾಗದೆ ಊಟವೇ ಇಲ್ಲ ಅನ್ನುತ್ತಾರೆ. ದಾವಣಗೆರೆಯ ದಿನವೇ ಬೇರೆ. ಬೆಳಿಗ್ಗೆ ತಿಂಡಿ, ಒಂದೂವರೆ ಎರಡಕ್ಕೆ ರೊಟ್ಟಿ, ಪಲ್ಯ, ಅನ್ನದ ಗಟ್ಟಿ ಊಟ. ಸಂಜೆ ಐದೂವರೆ ಅಂದರೆ ಇಲ್ಲಿ ಮಂಡಕ್ಕಿ ಮೆಣಸಿನಕಾಯಿ ಹೊತ್ತು. ಭಟ್ಟಿಯಿಂದ ಬಂದ ಗರಿಗರಿ ಮಂಡಕ್ಕಿಗೆ ಒಗ್ಗರಣೆ ಕಲಸಿ, ಮೇಲೆ ಈರುಳ್ಳಿ ಹೆಚ್ಚಿ ಹಾಕಿ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಇಟ್ಟು, ಪೇಪರಿನ ಮೇಲೆ ಎಣ್ಣೆ ಹರಡುತ್ತಿದ್ದ ಹಾಗೆ ಮನೆಯವರೆಲ್ಲ ಒಂದೇ ಗುಡ್ಡೆಗೆ ಕೈ ಹಾಕುವ ಹೊತ್ತು ಅದು. ಪೇಟೆಯಲ್ಲಿ ಅಂಗಡಿ ಬಾಗಿಲು ಹಾಕಿ ಗಂಡಸರು ಮನೆಗೆ ಬರುವಾಗ ಒಂಬತ್ತು ಆಗಿರುತ್ತದೆ. ಊಟ ಅದಾದ ಮೇಲೆ. ಮಕ್ಕಳೂ ಹತ್ತರವರೆಗೆ ಎಚ್ಚರವಾಗಿಯೇ ಇರುತ್ತಾರೆ.

ಇದರ ಮೇಲೆ ಗಡಿಯಾರದ ಲೆಕ್ಕ ಒಂದಿದೆ. ಫೋನಿನಲ್ಲಿ ಸಲಹೆ ಕೊಟ್ಟವರು ಇದನ್ನು ಹೇಳಿರಲೇ ಇಲ್ಲ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಹಡಗಿನಲ್ಲಿ ಸಂಜೆ 5.30 ಅಂದರೆ ದಾವಣಗೆರೆ ಹೊಟ್ಟೆಗೆ ಮಧ್ಯಾಹ್ನ 3 ಗಂಟೆ. ಎರಡಕ್ಕೆ ಉಂಡವರನ್ನು ಮೂರಕ್ಕೆ ಮತ್ತೆ ಎಲೆ ಮುಂದೆ ಕೂರಿಸಿದ ಹಾಗೆ! ರಾತ್ರಿ 8.15 ಅಂದರೆ ಇಲ್ಲಿ ಸಂಜೆ 5.45, ತಂಗಿ ಪ್ರಶ್ನೆ ಕೇಳಿದ ಹೊತ್ತು. ಗೋಡೆ ಗಡಿಯಾರ ತೋರಿಸಿ ಹೇಳಿದೆ, "ನೋಡು, ಈಗ ಅಲ್ಲಿ ಎಂಟೂಕಾಲು. ಈಗ ನಿಂಗೆ ಹಸಿವಿದೆ ಅಲ್ವಾ?" ಬೆಳಿಗ್ಗೆಯೂ ಅಷ್ಟೇ. ಇಲ್ಲಿ ಏಳಕ್ಕೆ ಏಳುವ ಮಕ್ಕಳು ಅಲ್ಲಿ ಒಂಬತ್ತೂವರೆಗೆ ಏಳುತ್ತಾರೆ, ತಿಂಡಿ ತಡ, ಮಧ್ಯಾಹ್ನದ ಊಟ ತಡ, ಅದು ಕರಗುವ ಮೊದಲೇ ಐದೂವರೆ. ನಾಲ್ಕು ದಿನದಲ್ಲಿ ಮೈ ಸ್ವಲ್ಪ ಹೊಂದಿಕೊಂಡರೂ ಎಂಟೂಕಾಲು ಅವರಿಗೆ ಊಟದ ಹೊತ್ತೇ ಆಗುತ್ತದೆ. ನನ್ನ ಮಗ ತಟ್ಟೆ ಪಕ್ಕ ಮಲಗಿದ ಹೊತ್ತಿನಲ್ಲಿ ತಂಗಿ ಮಕ್ಕಳು ಇನ್ನೊಂದು ಐಸ್‌ಕ್ರೀಮ್ ಕೇಳುತ್ತಿರುತ್ತಾರೆ. ಅಪ್ಪಾಜಿಯ ಪರಿಸ್ಥಿತಿಯೂ ಆಗಿನಂತಲ್ಲ. ಗ್ಯಾಲ್ವೆಸ್ಟನ್‌ಗೆ ಹೋಗುವಾಗ ಅವರು ಎರಡು ತಿಂಗಳು ನಮ್ಮ ಮನೆಯಲ್ಲಿದ್ದು ಅಲ್ಲಿನ ಗಂಟೆಗೆ ಹೊಂದಿಕೊಂಡಿದ್ದರು. ಈ ಸಲ ಬೆಂಗಳೂರಿಗೆ 260 ಕಿಲೋಮೀಟರ್ ಕಾರು, ರಾತ್ರಿ ವಿಮಾನ, ಮರುದಿನವೇ ಹಡಗು.

ಆ ಮೊದಲ ರಾತ್ರಿ ಮಾತ್ರ ಲೆಕ್ಕಕ್ಕೆ ಹಿಡಿಯಬೇಡ ಅಂದೆ. ವಿಮಾನದಲ್ಲಿ ನಿದ್ದೆಗೆಟ್ಟು ಬಂದಿರುತ್ತೀರಿ, ಹಡಗು ಹತ್ತಿದ ಮೇಲೆ ಸುರಕ್ಷತೆಯ ಪಾಠ ಬೇರೆ ಇರುತ್ತದೆ, ಸೂಟ್‌ಕೇಸ್ ರೂಮಿಗೆ ಬರುವುದು ಕೆಲವೊಮ್ಮೆ ಸಂಜೆ ಆಗುತ್ತದೆ. ಮಕ್ಕಳು ತೂಕಡಿಸಿದರೆ ಬಫೆಯಲ್ಲಿ ತಿನ್ನಿಸಿ ಮಲಗಿಸಿಬಿಡಿ. ಯಾರೂ ಕೇಳುವುದಿಲ್ಲ.

ತಡದ ಪಂಕ್ತಿಗೆ ಇನ್ನೂ ಒಂದು ಅನುಕೂಲ ಇದೆ. ಸಿಂಗಪುರದ ಕಡೆ ವರ್ಷ ಪೂರ್ತಿ ಏಳರ ಆಸುಪಾಸಿನಲ್ಲೇ ಹೊತ್ತು ಮುಳುಗುತ್ತದೆ. ಐದೂವರೆಯವರು ಆಗ ಒಳಗೆ ಸಿಹಿ ತಿನ್ನುತ್ತಿರುತ್ತಾರೆ, ಎಂಟೂಕಾಲಿನವರು ಡೆಕ್ ಮೇಲೆ ನಿಂತಿರಬಹುದು. ದೀಪ ಹಚ್ಚುವ ಹೊತ್ತು ಅದು, ಅವ್ವನಿಗೆ ಮುಖ್ಯ. ಹಡಗಿನಲ್ಲಿ ದೀಪ, ಊದಿನಕಡ್ಡಿ ಹಚ್ಚಲು ಬಿಡುವುದಿಲ್ಲ, ಮೇಣದಬತ್ತಿಗೂ ಇಲ್ಲ. ಹೋದ ಸಲ ಅವಳಿಗೆ ಅದೇ ಕೊರಗು. ಕೊನೆಗೆ ವಿಭೂತಿ ಹಚ್ಚಿಕೊಂಡು ಮುಳುಗುವ ಸೂರ್ಯನಿಗೇ ಕೈ ಮುಗಿದಳು. ಪೆನಾಂಗ್‌ನಂಥ ಬಂದರಿನಲ್ಲಿ ಇಳಿದು ಸುತ್ತಾಡಿ ಬಂದ ದಿನವೂ ಗಡಿಬಿಡಿ ಇರುವುದಿಲ್ಲ, ಸ್ನಾನ ಮಾಡಿ, ಬಟ್ಟೆ ಬದಲಿಸಿ, ಅರ್ಧ ಗಂಟೆ ಕಾಲು ಚಾಚಿ ಹೋಗಬಹುದು. ಬೇಗ ಉಣ್ಣುವುದು ಎಲ್ಲರಿಗೂ ತಪ್ಪು ಅಂತ ನಾನು ಹೇಳುತ್ತಿಲ್ಲ. ತಂಗಿಯ ಪಕ್ಕದ ಮನೆಯವರು ಜೈನರು, ಸೂರ್ಯ ಮುಳುಗುವ ಮೊದಲೇ ಊಟ. ಅವರು ಹೊರಟರೆ ಐದೂವರೆ ಬಿಟ್ಟು ಬೇರೆ ಮಾತೇ ಇಲ್ಲ.

ಇಷ್ಟೆಲ್ಲಾ ಕೇಳಿ ತಂಗಿಯ ಗಂಡ, "ಬಫೆ ಇಪ್ಪತ್ನಾಲ್ಕು ಗಂಟೆ ಹತ್ರತ್ರ ಇರುತ್ತಲ್ಲ, ಯಾರಿಗೆ ಹಸಿವಾದಾಗ ಅವರು ತಿಂದ್ರೆ ಆಯ್ತಪ್ಪ, ಸುಮ್ನೆ ಯಾಕೆ ಇಷ್ಟು ಲೆಕ್ಕ" ಅಂದರು. ಅವರ ಮೇಲೆ ನನಗೆ ತುಂಬಾ ಪ್ರೀತಿ, ಆದರೆ ಇದನ್ನು ಒಪ್ಪಲು ಆಗಲಿಲ್ಲ. ಮಂಡಿಪೇಟೆಯಲ್ಲಿ ಅವರ ಅಂಗಡಿ. ಅವರು ಮನೆಗೆ ಬರುವ ಹೊತ್ತಿಗೆ ಮಕ್ಕಳ ಊಟ ಆಗಿರುತ್ತದೆ, ತಂಗಿ ಅವರಿಗೆ ಬಡಿಸಿ ಆಮೇಲೆ ತಾನು ಕೂರುತ್ತಾಳೆ, ಅಪ್ಪಾಜಿ ಟಿವಿ ಮುಂದೆ, ಅವ್ವ ಅಡುಗೆಮನೆಯಲ್ಲಿ. ಒಂದೇ ಮನೆ, ದಿನಾ ಮೂರು ಪಂಕ್ತಿ. ಹ್ಯೂಸ್ಟನ್ನಿನಲ್ಲಿ ನಾವು ಆರಕ್ಕೆ ನಾಲ್ಕೂ ಜನ ಕೂತು ಉಣ್ಣುತ್ತೇವೆ, ಅಲ್ಲಿಂದ ಕಲಿತದ್ದರಲ್ಲಿ ನನಗೆ ಅತಿ ಬೇಕಾದದ್ದು ಅದೊಂದು. ಹೊತ್ತು ಬೇಗನೋ ತಡವೋ, ಆ ನಾಲ್ಕು ರಾತ್ರಿ ಆರೂ ಜನ ಒಂದೇ ಟೇಬಲ್ಲಿಗೆ ಕೂರಬೇಕು ಅನ್ನುವುದಕ್ಕೇ ಇಷ್ಟು ಲೆಕ್ಕ ಹಾಕಿದೆ. ಇದನ್ನೇ ಅವರಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಎಂಟೂಕಾಲೇ ಹಾಕು" ಅಂದರು ತಂಗಿಗೆ.

ಅವ್ವ ಅಷ್ಟೊತ್ತಿಗೆ ಇನ್ನೊಂದು ತಟ್ಟೆ ಮೆಣಸಿನಕಾಯಿ ಕರಿದು ತಂದಿದ್ದಳು. ನಮ್ಮ ಮಾತೆಲ್ಲ ಒಲೆ ಹತ್ತಿರದಿಂದಲೇ ಕೇಳಿಸಿಕೊಂಡಿದ್ದಾಳೆ. "ಅಲ್ಲಾ, ಎರಡು ಪಂಕ್ತಿಗೂ ಬಡಿಸೋರು ಅವರೇನಾ? ಹಂಗಾದ್ರೆ ಆ ಹುಡುಗ್ರು ಯಾವಾಗ ಉಣ್ತಾರೆ?" ಅಂದಳು. ಅವರ ಊಟದ ಹಾಲ್ ಬೇರೆ ಇರುತ್ತದೆ, ನಮ್ಮನ್ನೆಲ್ಲ ಕಳಿಸಿ, ಟೇಬಲ್ ಒರೆಸಿ, ಬೆಳಿಗ್ಗೆಗೆ ತಟ್ಟೆ ಜೋಡಿಸಿಟ್ಟ ಮೇಲೇ ಅವರಿಗೆ ಬಿಡುವು ಅಂದೆ. ಅವ್ವ ತಂಗಿ ಕಡೆ ತಿರುಗಿ, "ಎಂಟೂಕಾಲು ಅಂದ್ರೆ ಎಂಟೂಕಾಲಿಗೇ ಹೋಗಿ ಕೂರ್ಬೇಕು ಮತ್ತೆ. ಉಂಡಾದ ಮೇಲೆ ಹರಟೆ ಹೊಡೀತಾ ಅಲ್ಲೇ ಕೂರಂಗಿಲ್ಲ" ಅಂದಳು.

ತಂಗಿ ಎಣ್ಣೆ ಕೈ ಒರೆಸಿಕೊಂಡು ಎರಡನೆಯದನ್ನು ಒತ್ತಿದಳು.