ಭಾನುವಾರ ಆರು ಗಂಟೆಗೆ ಬೆಟ್ಟದ ಪಾದದಲ್ಲಿ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಯಿತು. ಯುಗಾದಿಯೂ ಆಯಿತು. ಬೀದಿಯ ಹೊಂಗೆಮರ ಹೊಸ ಚಿಗುರಿನಲ್ಲಿ ಮಿರಮಿರ ಮಿಂಚುತ್ತಿದೆ. ನಮ್ಮ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಈಗ ಒಂದೇ ಮಾತು: ಮಕ್ಕಳನ್ನು ಯಾವ ಬೇಸಿಗೆ ಶಿಬಿರಕ್ಕೆ ಹಾಕೋದು?

ಹೋದ ವರ್ಷ ನಾನೂ ಮಗನನ್ನು ಒಂದಕ್ಕೆ ಸೇರಿಸಿದ್ದೆ. ಅವನು ಒಳಗೆ ಓಡುತ್ತಿದ್ದ. ನಾವೆಲ್ಲ ಹೊರಗೆ ಸ್ಕೂಟರ್ ಮೇಲೆ ಕೂತು ಮೊಬೈಲ್ ಉಜ್ಜುತ್ತಿದ್ದೆವು. ಮನೆಗೆ ಬಂದವನು ಮೊಬೈಲ್ ಕೇಳಿದಾಗ ಬೈಯಲು ನನಗೆ ಬಾಯಿ ಬರಲಿಲ್ಲ.

ಅದಕ್ಕೇ ಈ ಸಲ ಶಿಬಿರ ಬೇಡ ಅಂತ ಹಟ ಹಿಡಿದಿದ್ದೇನೆ. ಬೆವರುವುದಾದರೆ ಮನೆಮಂದಿಯೆಲ್ಲ ಒಟ್ಟಿಗೆ ಬೆವರೋಣ. ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಇದೆಯಲ್ಲ! 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಮೆಟ್ಟಿಲುಗಳು. ಸಾವಿರದ ಎಂಟು ಅಂತಾರೆ. ನಮ್ಮ ಮನೆಯ ಮೂವರು ಎಣಿಸಿದರೆ ಮೂರು ಲೆಕ್ಕ ಬರುತ್ತದೆ. ಕೋತಿ ಕಂಡ ಕೂಡಲೇ ಮಗಳ ಲೆಕ್ಕ ತಪ್ಪುತ್ತದೆ, ಮತ್ತೆ ಅವಳು ಅಂದಾಜಿನಲ್ಲೇ ಮುಂದುವರಿಯುತ್ತಾಳೆ.

ಹೊತ್ತಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಮ್ಮೂರಿನ ವಸಂತ ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತದೆ, ಆಮೇಲೆ ಬರೀ ಬಿಸಿಲು. ಆರಕ್ಕೆ ಪಾದದಲ್ಲಿ ಇರಲೇಬೇಕು. ನಮ್ಮತ್ತೆಗೆ ಮಂಡಿನೋವು. ರಸ್ತೆ ಇರುವುದರಿಂದ ಅವರು ಆಟೋದಲ್ಲಿ ನಂದಿಯ ಹತ್ತಿರ ಬಂದು, ಅಲ್ಲೇ ನಾಲ್ಕು ಹೆಜ್ಜೆ ಓಡಾಡುತ್ತಾ ನಮಗೆ ಕಾಯುತ್ತಾರೆ.

ದಾರಿಯಲ್ಲಿ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರು ಸಿಗುತ್ತಾರೆ. ಹರಕೆ. ಸಾವಿರ ಸಲ ಬಗ್ಗಿ ಏಳಬೇಕು, ಯೋಚನೆ ಮಾಡಿ. ಜಿಮ್‌ಗೆ ಹೋಗುವ ನನ್ನ ಗಂಡ ಮುನ್ನೂರಕ್ಕೇ ಏದುಸಿರು ಬಿಡುತ್ತಾ ಕೂತಿದ್ದರು. ಇಳಿಯುವುದು ಸುಲಭ ಅಂದುಕೊಳ್ಳಬೇಡಿ. ಇಳಿಯುವಾಗ ಮೈಭಾರವನ್ನೆಲ್ಲ ತೊಡೆಯೇ ತಡೆದು ಹಿಡಿಯಬೇಕು. ಸೋಮವಾರ ಆಫೀಸಿನಲ್ಲಿ ಕುರ್ಚಿಯಿಂದ ಏಳುವಾಗ ಗೊತ್ತಾಗುತ್ತದೆ.

ವಾರಕ್ಕೊಂದು ಬೆಟ್ಟ ಸಾಕಾ? ಸಾಲದು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಮೈ ದಣಿಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಉಳಿದ ದಿನ ಸಂಜೆ ಐದೂವರೆಗೆ ಬೀದಿಯಲ್ಲಿ ಲಗೋರಿ. ಏಳು ಚಪ್ಪಟೆ ಕಲ್ಲು, ಒಂದು ಚೆಂಡು. ಖರ್ಚು ಅಷ್ಟೇ.

ನಿನ್ನೆ ಮಗ ಎಸೆದ ಚೆಂಡು ಸರಿಯಾಗಿ ನನ್ನ ಬೆನ್ನಿಗೇ ಬಿತ್ತು. ಬರೀ ಸೆರಗಿಗೆ ತಾಗಿದ್ದು, ಔಟ್ ಇಲ್ಲ ಅಂತ ಜಗಳಕ್ಕೆ ನಿಂತೆ. ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ಮೊಮ್ಮಗನ ಪರ ತೀರ್ಪು ಕೊಟ್ಟರು.