ಸತ್ಯಾಂಶ: 188 ಅಂಕ ಅಲ್ಲ, 188 ಮತ

ಹಾಸನ, ಸಕಲೇಶಪುರ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ವಿಶ್ವಸಂಸ್ಥೆ ಎಲ್ಲ ದೇಶಗಳ ಮಾನವ ಹಕ್ಕುಗಳನ್ನು ಅಳೆದು ನೋಡಿ ಭಾರತಕ್ಕೆ 188 ಅಂಕ, ಮೊದಲ ಸ್ಥಾನ ಕೊಟ್ಟಿದೆ ಅಂತ.

188 ನಿಜ. ಆದರೆ ಅದು ಅಂಕ ಅಲ್ಲ, ಮತ. 2018ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಗೆ ಚುನಾವಣೆ ನಡೆಯಿತು, 193 ದೇಶಗಳ ಮಹಾಸಭೆಯಲ್ಲಿ ಭಾರತಕ್ಕೆ 188 ಮತ ಬಿತ್ತು. ಆ ವರ್ಷ ಗೆದ್ದ 18 ದೇಶಗಳಲ್ಲಿ ಅದೇ ಜಾಸ್ತಿ. ಖುಷಿಪಡುವ ವಿಷಯವೇ, ಅಲ್ವಾ?

ಆದರೆ ಮತ ಬಿದ್ದ ಬಗೆಯನ್ನೂ ನೋಡಬೇಕು. ಮಂಡಳಿಯಲ್ಲಿ 47 ಸ್ಥಾನಗಳಿವೆ, ಅದರಲ್ಲಿ ಏಷ್ಯಾ-ಪೆಸಿಫಿಕ್‌ಗೆ 13. ಆ ಸಲ ನಮ್ಮ ಭಾಗದಲ್ಲಿ ಖಾಲಿ ಇದ್ದದ್ದು 5, ನಿಂತವರೂ 5. ನಮ್ಮೂರ ಪಂಚಾಯ್ತಿಯಲ್ಲಿ ಸೀಟಿಗೊಬ್ಬರೇ ನಿಂತ ಹಾಗೆ; ಆದರೆ ಇಲ್ಲಿ ಆಗಲೂ ಗುಪ್ತ ಮತದಾನ ನಡೆಯುತ್ತದೆ, ಕನಿಷ್ಠ 97 ಮತ ಬೇಕೇ ಬೇಕು. ಡ್ರಗ್ಸ್ ವಿರುದ್ಧದ ಕಾರ್ಯಾಚರಣೆಯಲ್ಲಾದ ಹತ್ಯೆಗಳಿಗಾಗಿ ಆಗ ಭಾರೀ ಟೀಕೆ ಎದುರಿಸುತ್ತಿದ್ದ ಫಿಲಿಪೈನ್ಸ್‌ಗೂ 165 ಮತ ಬಂತು. ಹಾಗಾಗಿ ಈ ಮತ ಯಾವ ದೇಶಕ್ಕೂ ನಡತೆಯ ಸರ್ಟಿಫಿಕೇಟ್ ಅಲ್ಲ.

ಪರಿಶೀಲನೆ ನಡೆಯುವುದು ಬೇರೆ ಕಡೆ. ಮಂಡಳಿಯ ಸದಸ್ಯ ಆಗಿರಲಿ ಬಿಡಲಿ, ಪ್ರತಿ ದೇಶವೂ ಕೆಲವು ವರ್ಷಕ್ಕೊಮ್ಮೆ ಜಿನೀವಾದಲ್ಲಿ ಉಳಿದ ದೇಶಗಳ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಭಾರತದ ಸರದಿ 2008, 2012, 2017, 2022ರಲ್ಲಿ ಬಂತು. ಅಲ್ಲೂ ರ‍್ಯಾಂಕ್ ಇಲ್ಲ, ಶಿಫಾರಸು ಇರುತ್ತದೆ. ಚಿತ್ರಹಿಂಸೆ ವಿರುದ್ಧದ ಒಪ್ಪಂದವನ್ನು ಅನುಮೋದಿಸಿ ಅಂತ ನಮಗೆ ಮತ್ತೆ ಮತ್ತೆ ಹೇಳಿದ್ದಾರೆ. ಗ್ರೂಪುಗಳಲ್ಲಿ ಚರ್ಚೆ ಆಗಬೇಕಾದದ್ದು ನಿಜಕ್ಕೂ ಇದು: ಆ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ, ಅನುಮೋದನೆ ಇನ್ನೂ ಬಾಕಿ ಇದೆ.