ಷೋಕೇಸಿನ 12 ವರ್ಷ

ಪರದೇಶದಿಂದ ಬಂದ ಅಳಿಯನೋ ಅಣ್ಣನ ಮಗನೋ ತಂದುಕೊಟ್ಟ ಒಂದು ಲೀಟರಿನ ವಿಸ್ಕಿ ಬಾಟಲಿ ಕೆಲವರ ಮನೆಯ ಷೋಕೇಸಿನಲ್ಲಿ ಕೂತಿರುತ್ತದೆ. ಎಡಕ್ಕೆ ಚನ್ನಪಟ್ಟಣದ ಗೊಂಬೆ, ಬಲಕ್ಕೆ ಮಗಳು ಭಾವಗೀತೆ ಸ್ಪರ್ಧೆಯಲ್ಲಿ ಗೆದ್ದ ಟ್ರೋಫಿ, ನಡುವೆ ಇದು. ಸೀಲು ಒಡೆದಿರುವುದಿಲ್ಲ. ಗೃಹಪ್ರವೇಶಕ್ಕೆ ಒಡೆಯೋಣ ಎಂದುಕೊಂಡದ್ದು ಮಗಳ ಮದುವೆಗೆ ಹೋಯಿತು, ಮದುವೆಗೆ ಅಂದದ್ದು ನಿವೃತ್ತಿಗೆ ಹೋಯಿತು. ಬಂದವರಿಗೆಲ್ಲ ಮನೆಯ ಯಜಮಾನರು ಹೇಳುವ ಮಾತು ಮಾತ್ರ ಒಂದೇ: "ತಂದಾಗ ಹನ್ನೆರಡು ವರ್ಷದ್ದು ಸ್ವಾಮಿ, ಈಗ ಇಪ್ಪತ್ತೇಳಾಯ್ತು."

ಆಗಿಲ್ಲ. ಹನ್ನೆರಡೇ.

ಈ ಮಾತು ಕೇಳಿದಾಗ ಹೂಂ ಅನ್ನುವುದು ಸಭ್ಯತೆ ಎಂದು ಗೊತ್ತು. ಆದರೂ ಮೈ ಉರಿಯುತ್ತದೆ. ತಪ್ಪು ಪೂರ್ತಿ ಅವರದೂ ಅಲ್ಲ ಅನ್ನಿ. ಹಳೇ ಅಕ್ಕಿಯ ಅನ್ನ ಉದುರುದುರಾಗುತ್ತದೆ, ಹಳೇ ಹುಣಸೆಹಣ್ಣಿಗೆ ಸಾರಿನಲ್ಲಿ ಬೇರೆಯೇ ಗತ್ತಿದೆ, ಭರಣಿಯ ತಳದ ಉಪ್ಪಿನಕಾಯಿಗೆ ಮನೆಯಲ್ಲಿ ಜಗಳವೇ ನಡೆಯುತ್ತದೆ. ಇಂಥ ನಾಡಿನಲ್ಲಿ ಬೆಳೆದವರು ಬಾಟಲಿಯನ್ನೂ ಭರಣಿಯ ಲೆಕ್ಕಕ್ಕೆ ಸೇರಿಸಿದರೆ ಆಶ್ಚರ್ಯವಿಲ್ಲ. ಆದರೆ ಅಕ್ಕಿ ಮೂಟೆಯಲ್ಲಿದ್ದರೂ ಒಳಗೊಳಗೇ ಬದಲಾಗುತ್ತದೆ. ವಿಸ್ಕಿ ಬದಲಾಗುವುದು ಮರದ ಪೀಪಾಯಿಯಲ್ಲಿ. ಗಾಜಿಗೆ ಬಿದ್ದ ದಿನ ಅದರ ಗಡಿಯಾರ ನಿಂತಿತು. ಹಾಗಾದರೆ ವಿಸ್ಕಿಯ ವಯಸ್ಸು ಎಂದರೆ ನಿಜಕ್ಕೂ ಏನು? ಅದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಮರದ ಪೀಪಾಯಿಯಲ್ಲಿ ಕಳೆದ ವರ್ಷಗಳು, ಅಷ್ಟೇ.

ಮೊದಲು ಲೇಬಲ್ಲಿನ ಅಂಕಿ. ಸ್ಕಾಟ್ಲೆಂಡಿನ ವಿಸ್ಕಿಗೆ 2009ರ ನಿಯಮಗಳಿವೆ: ಓಕ್ ಮರದ ಪೀಪಾಯಿಯೇ ಆಗಬೇಕು, ಅದು 700 ಲೀಟರ್ ಮೀರಬಾರದು, ಕನಿಷ್ಠ 3 ವರ್ಷ ಅಲ್ಲಿನ ಉಗ್ರಾಣದಲ್ಲೇ ಇರಬೇಕು, ಬಾಟಲಿಗೆ ಇಳಿಯುವಾಗ ಮದ್ಯಸಾರ ಶೇ. 40ಕ್ಕೆ ಕಡಿಮೆ ಇರಬಾರದು. ಹಲವು ಪೀಪಾಯಿಗಳನ್ನು ಬೆರೆಸಿದರೆ ಅದರಲ್ಲಿ ಎಲ್ಲಕ್ಕಿಂತ ಚಿಕ್ಕದರ ವಯಸ್ಸನ್ನೇ ಬರೆಯಬೇಕು. 30 ವರ್ಷದ ಸರಕಿಗೆ 5 ವರ್ಷದ್ದು ಒಂದು ಚಮಚ ಬಿದ್ದರೂ ಲೇಬಲ್ಲಿನಲ್ಲಿ 5. ಮನೆಯ ವಯಸ್ಸು ಕೇಳಿದರೆ ಅಜ್ಜನನ್ನು ಬಿಟ್ಟು ತೊಟ್ಟಿಲ ಮಗುವಿನ ವಯಸ್ಸು ಹೇಳಿದ ಹಾಗೆ. ಐರ್ಲೆಂಡ್, ಕೆನಡಾಗಳಲ್ಲೂ ಕನಿಷ್ಠ 3 ವರ್ಷ. ಜಪಾನಿನವರು ಬಹುಕಾಲ ಈ ವಿಷಯದಲ್ಲಿ ಧಾರಾಳಿಗಳಾಗಿದ್ದರು. ಬೇರೆ ದೇಶದ ಸರಕು ತಂದು ಬೆರೆಸಿ ಜಪಾನೀ ಹೆಸರಿಟ್ಟರೂ ಕೇಳುವವರಿರಲಿಲ್ಲ. 2021ರಲ್ಲಿ ಅಲ್ಲಿನ ತಯಾರಕರ ಸಂಘವೇ ಕಟ್ಟುಪಾಡು ಮಾಡಿಕೊಂಡು, ಬಟ್ಟಿ ಇಳಿಸುವುದೂ 3 ವರ್ಷ ಮಾಗಿಸುವುದೂ ಜಪಾನಿನಲ್ಲೇ ಆಗಬೇಕು ಎಂದಿತು. ಅಂದ ಹಾಗೆ, ಇಂಗ್ಲಿಷಿನಲ್ಲಿ ಈ ಪದಕ್ಕೆ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಎಂದು ಸ್ಕಾಟರೂ ಐರಿಷರೂ ಕಾದಾಡುತ್ತಾರೆ. ಕನ್ನಡದಲ್ಲಿ ವಿಸ್ಕಿ ವಿಸ್ಕಿಯೇ, ಆ ಜಗಳ ನಮಗೆ ತಟ್ಟುವುದಿಲ್ಲ.

ಅಮೆರಿಕದ ದಾರಿ ಬೇರೆ. ಅಲ್ಲಿನ ವಿಸ್ಕಿ ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ಶೇ. 51ರಷ್ಟಾದರೂ ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಗೇ ತುಂಬಬೇಕು. ಹೊಸದು ಎಂದರೆ ಹೊಸದೇ. ಒಮ್ಮೆ ಬರ್ಬನ್ ಇಳಿಸಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವಂತಿಲ್ಲ. ಅವರು ಹೊರಗಿಟ್ಟ 200 ಲೀಟರಿನ ಆ ಪೀಪಾಯಿಗಳು ಹಡಗು ಹತ್ತಿ ಸ್ಕಾಟ್ಲೆಂಡಿಗೆ, ಐರ್ಲೆಂಡಿಗೆ, ನಮ್ಮ ಬೆಂಗಳೂರಿಗೂ ಬರುತ್ತವೆ.

ಬೆಂಗಳೂರು ಅಂದೆನಲ್ಲ, ಕಥೆ ಇರುವುದೇ ಇಲ್ಲಿ. ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರಿ ಇದೆ. ಕಂಪನಿ ಹುಟ್ಟಿದ್ದು 1948ರಲ್ಲಿ. ಅವರ ಸಿಂಗಲ್ ಮಾಲ್ಟ್, ಎಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾತ್ರ ತೆಗೆದ ವಿಸ್ಕಿ, 2004ರಲ್ಲಿ ಮೊದಲು ಬಿಡುಗಡೆಯಾದದ್ದು ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ನಗರದಲ್ಲಿ; ಬೆಂಗಳೂರಿನವರ ಕೈಗೆ ಅದು ಸಿಕ್ಕಿದ್ದು ಕೆಲವು ವರ್ಷ ಕಳೆದ ಮೇಲೆ. (ಆಗ ಈ ಊರಿನಲ್ಲಿ ಮಾಲ್ಟ್ ಎಂದರೆ ರಾಗಿ ಮಾಲ್ಟ್ ಮಾತ್ರ. ಹಾಗೆ ನೋಡಿದರೆ ಅದರಲ್ಲೂ ಮೊದಲ ಹೆಜ್ಜೆ ಇದೇ: ಕಾಳು ನೆನೆಸು, ಮೊಳಕೆ ಬರಿಸು, ಒಣಗಿಸು.) ಆ ಬಾಟಲಿಯ ಮೇಲೆ 12, 18 ಎಂಬ ಅಂಕಿ ಹುಡುಕಿದವರಿಗೆ ನಿರಾಸೆ. ಸಾಮಾನ್ಯವಾಗಿ ವಯಸ್ಸೇ ಬರೆದಿರುವುದಿಲ್ಲ. "ಅಯ್ಯೋ, ಎಳೇದು" ಎಂದು ಮೂಗು ಮುರಿಯುವವರು ಒಂದು ಸಣ್ಣ ಲೆಕ್ಕ ಮಾಡಬೇಕು.

ಪೀಪಾಯಿ ಮರದ್ದಾದ್ದರಿಂದ ಒಳಗಿನ ಸರಕು ನಿಧಾನಕ್ಕೆ ಹಾರಿಹೋಗುತ್ತದೆ. ಹಾರಿದ್ದಕ್ಕೆ ಅಲ್ಲಿನವರು ಏಂಜಲ್ಸ್ ಶೇರ್, ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಶೇ. 2ರ ಆಸುಪಾಸು. ಬೆಂಗಳೂರಿನಲ್ಲಿ ಶೇ. 10ರಿಂದ 12. ಶೇ. 11 ಎಂದೇ ಹಿಡಿಯೋಣ. 200 ಲೀಟರ್ ತುಂಬಿಸಿಟ್ಟರೆ 5 ವರ್ಷಕ್ಕೆ ಉಳಿಯುವುದು ಸುಮಾರು 112 ಲೀಟರ್. ನಮ್ಮ ಷೋಕೇಸಿನ ಯಜಮಾನರಿಗೆ ಇಷ್ಟವಾದ 12 ವರ್ಷ ಕಾದರೆ ಸುಮಾರು 49. ಹಟ ಹಿಡಿದು 18 ವರ್ಷ ಇಟ್ಟರೆ 25 ಲೀಟರೂ ಇಲ್ಲ, ನೀರಿನ ಕ್ಯಾನಿಗೆ ಸುರಿದರೆ ಒಂದು ತುಂಬಿ ಎರಡನೆಯದರ ತಳ ಒದ್ದೆಯಾದೀತು. ಸ್ಕಾಟ್ಲೆಂಡಿನಲ್ಲಿ ಅದೇ ಪೀಪಾಯಿ 18 ವರ್ಷ ಕಳೆದರೂ 139 ಲೀಟರ್ ಹೊತ್ತು ಕೂತಿರುತ್ತದೆ. ಕಂಬೀಪುರದವರು 8 ವರ್ಷ ಕಾಯಿಸಿದ ಒಂದು ಸರಕನ್ನು 2013ರಲ್ಲಿ ಹೊರತಂದಾಗ ಅದಕ್ಕಿಟ್ಟ ಹೆಸರು ಗ್ರೀಡಿ ಏಂಜಲ್ಸ್. ಆಸೆಬುರುಕ ದೇವತೆಗಳು.

ನಮ್ಮ ದೇವತೆಗಳಿಗೆ ಇದು ಹೊಸದಲ್ಲ. ಯಜ್ಞದಲ್ಲಿ ಇಂದ್ರನಿಗಿಷ್ಟು ವರುಣನಿಗಿಷ್ಟು ಎಂದು ಹವಿರ್ಭಾಗ ಹಂಚಿಯೇ ಇರುತ್ತಿತ್ತು. ಅದಕ್ಕೆ ಮಂತ್ರ ಬೇಕು, ತುಪ್ಪ ಬೇಕು, ಕೈ ಸುಡುವ ಬೆಂಕಿ ಬೇಕು. ಇಲ್ಲಿ ಮಾರ್ಚ್ ತಿಂಗಳ ಬಿಸಿಲೊಂದು ಸಾಕು. ಹಗಲು ಕಾದಾಗ ಸಾರಾಯಿ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ರಾತ್ರಿ ತಣಿದಾಗ ಮರದ ಸತ್ವ ಎಳೆದುಕೊಂಡು ಹಿಂದೆ ಸರಿಯುತ್ತದೆ. ಈ ಹೋಗಿಬರುವಿಕೆ ಇಲ್ಲಿ ಜೋರು. ವೆನಿಲ್ಲಾ, ಸುಟ್ಟ ಸಕ್ಕರೆ, ಕೊಬ್ಬರಿಯ ವಾಸನೆ ಎಲ್ಲ ಮರದಿಂದ ಬೇಗ ಇಳಿದುಬಿಡುತ್ತವೆ. ಸ್ಕಾಟರು ಒಂದು ದಶಕ ಕಾದು ಪಡೆಯುವುದು ಇಲ್ಲಿ ನಾಲ್ಕೈದು ವರ್ಷಕ್ಕೇ ಕೈಸೇರುತ್ತದೆ. ಬೇಗ ಬರುವುದು ಬೇಗ ಕೆಡುವುದೂ ಹೌದು. ತೆಗೆಯುವ ಹೊತ್ತು ತಪ್ಪಿದರೆ ಮರದ ಒಗರು ಉಳಿದೆಲ್ಲವನ್ನೂ ನುಂಗಿ, ಅಡಿಕೆ ಬೇಯಿಸಿದ ಚೊಗರನ್ನು ನಾಲಿಗೆಗೆ ಬಳಿದಂತಾಗುತ್ತದೆ. ಆದ್ದರಿಂದ ಸೆಕೆ ನಾಡಿನ ಉಗ್ರಾಣದಲ್ಲಿ ಪೀಪಾಯಿಗಳ ಮಾದರಿ ಆಗಾಗ ತೆಗೆದು ಮೂಸಿ ನೋಡುತ್ತಲೇ ಇರಬೇಕು. ಹಲಗೆ ಒಣಗಿ ಸಂದು ಬಿಟ್ಟರಂತೂ ಸೋರಿದ್ದೆಲ್ಲ ನೆಲದ ಪಾಲು. ಅದನ್ನು ದೇವತೆಗಳ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಹಾರುವುದರಲ್ಲೂ ಪಕ್ಷಪಾತವಿದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರಿಗಿಂತ ಮದ್ಯಸಾರ ಮುಂದಾಗಿ ಹಾರುತ್ತದೆ. ಸ್ಕಾಟ್ಲೆಂಡಿನಲ್ಲಿ ತೀರಾ ಹಳೆಯ ಪೀಪಾಯಿಗಳು ಶೇ. 40ರ ಗೆರೆಯ ಕೆಳಕ್ಕೆ ಜಾರುವ ಭಯ ಇರುವುದು ಇದರಿಂದಲೇ. ಜಾರಿತೋ, ಐವತ್ತು ವರ್ಷ ಕಾದದ್ದಕ್ಕೆ ಸ್ಕಾಚ್ ಎಂಬ ಹೆಸರೂ ದಕ್ಕುವುದಿಲ್ಲ. ಒಣ ಹವೆಯಲ್ಲಾದರೆ ನೀರೇ ಮೊದಲು ಜಾಗ ಖಾಲಿ ಮಾಡುತ್ತದೆ. ಅಮೆರಿಕದ ಕೆಂಟಕಿಯ ಉಗ್ರಾಣಗಳ ಮೇಲಂತಸ್ತಿನಲ್ಲಿ ವರ್ಷ ಕಳೆದಂತೆ ಸರಕಿನ ಖಾರ ಏರುತ್ತಾ ಹೋಗುವುದುಂಟು.

ಇನ್ನು ಈ ದೇವತೆಗಳು ನೋಡಲು ಹೇಗಿರುತ್ತಾರೆ? ಕಪ್ಪಗೆ. ಡಿಸ್ಟಿಲರಿಗಳ ಸುತ್ತಲ ಗೋಡೆ, ಮರದ ಕಾಂಡಗಳಿಗೆ ಮಸಿ ಬಳಿದಂತೆ ಕಾಣುವುದು ಬೌಡೋಯಿನಿಯಾ ಎಂಬ ಬೂಷ್ಟು. ಗಾಳಿಗೆ ಬಿದ್ದ ಮದ್ಯಸಾರದ ಆವಿಯೇ ಅದರ ಆಹಾರ. 1872ರಲ್ಲಿ ಫ್ರಾನ್ಸಿನ ಕೊನ್ಯಾಕ್ ಊರಿನಲ್ಲಿ ಬೋದ್ವಾ ಎಂಬ ಔಷಧಿ ವ್ಯಾಪಾರಿ ಬ್ರಾಂದಿ ಉಗ್ರಾಣಗಳ ಈ ಮಸಿಯ ಬಗ್ಗೆ ಬರೆದ. ಹೆಸರು ಅವನದೇ ಉಳಿಯಿತು. ಕಳ್ಳಭಟ್ಟಿಯವರಿಗೆ ಇದರಷ್ಟು ದೊಡ್ಡ ಶತ್ರು ಇನ್ನೊಂದಿರಲಾರದು. ಸರಕನ್ನು ಎಲ್ಲಿ ಬಚ್ಚಿಟ್ಟರೂ ಗೋಡೆಯೇ ಸಾಕ್ಷಿ ಹೇಳುತ್ತದೆ.

ಸಾಕ್ಷಿ ಅಂದಮೇಲೆ ಅಬಕಾರಿಯವರನ್ನು ಬಿಡುವುದು ಹೇಗೆ. ಹತ್ತೊಂಬತ್ತನೇ ಶತಮಾನದಿಂದ ಸ್ಕಾಟ್ಲೆಂಡಿನಲ್ಲಿ ಬಟ್ಟಿ ಇಳಿದ ಸಾರಾಯಿ ಬೀಗ ಹಾಕಿದ ಹಿತ್ತಾಳೆ-ಗಾಜಿನ ಪೆಟ್ಟಿಗೆಯ ಮೂಲಕವೇ ಹರಿಯಬೇಕಿತ್ತು. ಬೀಗದ ಕೈ ಅಬಕಾರಿ ಅಧಿಕಾರಿಯ ಬಳಿ. ಉಗ್ರಾಣಕ್ಕೆ ಎರಡು ಬೀಗ, ಒಂದು ಮಾಲೀಕನದು, ಇನ್ನೊಂದು ಸರ್ಕಾರದ್ದು. ಬಟ್ಟಿ ಇಳಿಸಿದವನು ತನ್ನದೇ ಸರಕನ್ನು ಗಾಜಿನಾಚೆಯಿಂದ ನೋಡಿ ತೃಪ್ತಿಪಡಬೇಕಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅಲ್ಲಿಯೂ ಚಲಾವಣೆಯಲ್ಲಿ ಇರಬೇಕಿತ್ತು.

ನಮ್ಮಲ್ಲಿ ಪೂಜಾರಿಗಳ ಚಿಂತೆ ಬೇರೆ. ದೇಶದಲ್ಲಿ ವಿಸ್ಕಿ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ಸರಕಿನಲ್ಲಿ ಬಹಳಷ್ಟು ಪೀಪಾಯಿಯ ಮುಖವನ್ನೇ ಕಂಡಿರುವುದಿಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ ವಾಸನೆಯಿಲ್ಲದ ಸ್ಪಿರಿಟ್, ಸ್ವಲ್ಪ ಮಾಲ್ಟ್, ಪರಿಮಳ, ಬಣ್ಣ, ನೀರು. ಯುರೋಪಿನ ಕಾನೂನು ಧಾನ್ಯ ಬಿಟ್ಟು ಬೇರೇನರಿಂದ ತೆಗೆದರೂ ವಿಸ್ಕಿ ಎನ್ನಲು ಒಪ್ಪುವುದಿಲ್ಲ. ಕಾಕಂಬಿಯದ್ದು ರಮ್ಮಿನ ಕುಲ, ಅಷ್ಟೇ. ಇದು ಅವಮಾನ ಎಂದು ಎಗರಾಡುವವರಿದ್ದಾರೆ. ನನಗೇನೂ ಹಾಗನ್ನಿಸುವುದಿಲ್ಲ. ಗೋಧಿ ಹಿಟ್ಟಿನಲ್ಲಿ ಮುದ್ದೆ ಕಟ್ಟಿ ರಾಗಿ ಮುದ್ದೆ ಎಂದು ಬಡಿಸಿದರೆ ಮಂಡ್ಯದವರು ಸುಮ್ಮನಿರುತ್ತಾರೆಯೇ? ಲೇಬಲ್ಲಿನಲ್ಲಿ ಶೇ. 42.8 ಎಂಬ ವಿಚಿತ್ರ ಅಂಕಿಯೂ, ಪಕ್ಕದಲ್ಲಿ 25 ಯು.ಪಿ. ಎಂದೂ ಇರುತ್ತದೆ. ಉತ್ತರ ಪ್ರದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ಬ್ರಿಟಿಷರ ಹಳೇ ಪ್ರೂಫ್ ಅಳತೆಯಲ್ಲಿ ಮದ್ಯಸಾರ ಶೇ. 57.15 ಇದ್ದರೆ ನೂರು, ಅದಕ್ಕೆ 25 ಕಡಿಮೆ, ಅಂಡರ್ ಪ್ರೂಫ್, ಎಂದರ್ಥ. ಅವರು ಆ ಅಳತೆ ಬಿಟ್ಟರು, ನಾವು ಜೋಪಾನ ಮಾಡಿದ್ದೇವೆ. ಒಂದು ಮಾತು ಒಪ್ಪಬೇಕು: ಟೆಟ್ರಾ ಪ್ಯಾಕಿನ ನೈಂಟಿ ಕೊಳ್ಳುವವನು ವಯಸ್ಸಿನ ಭ್ರಮೆಯಿಂದ ಪೂರ್ತಿ ಮುಕ್ತ. ಅವನ ಸರಕು ಅಂಗಡಿಯ ಮೆಟ್ಟಿಲು ಇಳಿಯುವುದರೊಳಗೆ ಮುಗಿದಿರುತ್ತದೆ.

ಬಣ್ಣ ನೋಡಿ ವಯಸ್ಸು ಹೇಳುವವರ ಪಂಗಡ ಇನ್ನೊಂದು. ಬಾಟಲಿಯನ್ನು ಬೆಳಕಿಗೆ ಹಿಡಿದು "ನೋಡಿ ಸಾರ್, ಎಷ್ಟು ಗಾಢ" ಎನ್ನುತ್ತಾರೆ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಹಾಕಲು ಕಾನೂನಿನಲ್ಲೇ ಅವಕಾಶವಿದೆ, ಬರ್ಬನ್‌ಗೆ ಇಲ್ಲ. ನಾವು ತಲೆಗೆ ಬಣ್ಣ ಹಚ್ಚುವುದು ಚಿಕ್ಕವರಾಗಿ ಕಾಣಲು, ವಿಸ್ಕಿಗೆ ಹಾಕುವುದು ದೊಡ್ಡದಾಗಿ ಕಾಣಲು. ಇವರೇ ಐಸ್ ಹಾಕಿದ ಮೇಲೆ ಗ್ಲಾಸು ಮಸುಕಾದರೆ "ಡೂಪ್ಲಿಕೇಟ್!" ಎಂದು ಕೂಗುವವರೂ ಹೌದು. ತಣಿಸಿ ಸೋಸದೆ ಬಿಟ್ಟ ಸರಕು ಹಾಗೇ. ಶೇ. 46ಕ್ಕಿಂತ ಇಳಿದು ತಣ್ಣಗಾದರೆ ಕೊಬ್ಬಿನಂಶ ಬೇರ್ಪಟ್ಟು ಮಂಜು ಕವಿಯುತ್ತದೆ. ಸೋಸಿ ತೆಗೆದರೆ ಗ್ಲಾಸು ಫಳಫಳ, ರುಚಿಯ ಮೈ ಸ್ವಲ್ಪ ತೆಳು.

ಷೋಕೇಸಿಗೆ ಹಿಂತಿರುಗಿದರೆ, ಆ ಬಾಟಲಿಗೆ ಈಗ ಬೇಕಿರುವುದು ಗೌರವಕ್ಕಿಂತ ಉಪಚಾರ. ನಿಲ್ಲಿಸಿಯೇ ಇಡಬೇಕು. ವೈನಿನ ಹಾಗೆ ಮಲಗಿಸಿದರೆ ಮದ್ಯಸಾರವೇ ಬಿರಡೆಯನ್ನು ತಿನ್ನುತ್ತದೆ. ಕಿಟಕಿಯ ಬಿಸಿಲು ನೇರ ಬೀಳಬಾರದು. ಕತ್ತಿನ ಬಳಿ ಮಟ್ಟ ಇಳಿದಿದ್ದರೆ ಬಿರಡೆ ಸಡಿಲ ಎಂದರ್ಥ. ಒಡೆದ ಮೇಲೆ ಅರ್ಧ ಬಾಟಲಿ ಗಾಳಿಯ ಜೊತೆ ತಿಂಗಳುಗಟ್ಟಲೆ ಕೂತರೆ ಸಪ್ಪೆಯಾಗುತ್ತದೆ. ಮೂರನೇ ಒಂದು ಭಾಗ ಉಳಿದಾಗ ಚಿಕ್ಕ ಗಾಜಿನ ಬಾಟಲಿಗೆ ಬಗ್ಗಿಸಬೇಕು, ಇಲ್ಲವೇ ನೆಂಟರನ್ನು ಕರೆಯಬೇಕು. ಹದಿನೈದು ವರ್ಷ ಅಲುಗಾಡದ ಕಾರ್ಕ್ ತಿರುವಿದ ಕೂಡಲೇ ಮುರಿದು ಪುಡಿಪುಡಿಯಾಗಿ ಒಳಗೆ ಬೀಳುವುದೂ ಉಂಟು. ಗಾಬರಿ ಬೇಡ, ಸೋಸಿದರಾಯಿತು. ತೊಳೆದ ಮಲ್ ಬಟ್ಟೆ ಸಾಕು. ಕೈಗೆ ಸಿಕ್ಕಿತೆಂದು ಅಡುಗೆಮನೆಯ ಕಾಫಿ ಫಿಲ್ಟರು ಮಾತ್ರ ಎತ್ತಿಕೊಳ್ಳಬೇಡಿ. ಮರುದಿನ ಬೆಳಗಿನ ಡಿಕಾಕ್ಷನ್ನು ಮನೆಮಂದಿಗೆಲ್ಲ ಹೇಳಿಬಿಡುತ್ತದೆ.